‘ಬೀಜ ಒಡೆದ ನಾಯಿಗಳಿಗೂ ಪ್ರವೇಶವುಂಟು’

ಆಗುವುದಿಲ್ಲ ಎಂದು ಮೊದಲು ಹೇಳಿದವರು ಮೇಜರ್ ಬೋಪಯ್ಯನವರು. ಸೈನ್ಯದಿಂದ ನಿವೃತ್ತರಾಗಿ ಮೈಸೂರಿನಲ್ಲಿ ನೆಲೆಸಿದ್ದ ಅವರು ಆಗ ಊರಿನ ನಾಯಿ ಸಂಘದ ಕಾರ್ಯದರ್ಶಿ. ‘ಡಾಕ್ಟರ್, ಗರ್ಭಕೋಶ ತೆಗೆದ ಹೆಣ್ಣುನಾಯಿ, ಬೀಜ ತೆಗೆದ ಗಂಡುನಾಯಿ ನಮ್ಮ ಸ್ಪರ್ಧೆಗೆ ಬರೋದು ನಾನಿರೋವರೆಗೂ ಸಾಧ್ಯ ಇಲ್ಲ’ ಎಂದರು. ಆಮೇಲೆ ಹೇಳಿದವರು ನನ್ನ ಮೇಲಧಿಕಾರಿ ರಂಗಾಚಾರ್. ಅವರು ಅಷ್ಟು ಮಾತನ್ನೂ ಖರ್ಚು ಮಾಡಲಿಲ್ಲ. ‘ಆಗದ್ದು ಕಣ್ರೀ, ಬಿಡಿ’ ಎಂದು ನಶ್ಯದ ಡಬ್ಬಿ ತೆಗೆದರು.

ಆಯಿತು. ಮೇಜರ್ ಇರುವಾಗಲೇ ಆಯಿತು, ಅವರ ಕೈಯಿಂದಲೇ ಆಯಿತು. ಆದರೆ ಅದನ್ನು ಗೆಲುವು ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ಈಗ ಪಶುವೈದ್ಯ ಓದಿ ಕೆಲಸಕ್ಕೆ ಸೇರುವ ಹುಡುಗರು, ಹುಡುಗಿಯರು ಮನೆಗೆ ಬಂದು ‘ನಿಮ್ಮ ಕಾಲದಲ್ಲಿ ಹೇಗಿತ್ತು ಸರ್, ಬರೆದುಕೊಡಿ’ ಎನ್ನುತ್ತಾರೆ. ಹೇಗಿತ್ತೋ ಹಾಗೆ ಬರೆಯುತ್ತಿದ್ದೇನೆ. ಓದಿದರೆ ಹುರುಪು ಬರುತ್ತದೆ ಎಂಬ ಭರವಸೆ ಕೊಡಲಾರೆ.

ನಾನು ಕಡಕೊಳದ ಪಕ್ಕದ ಹಳ್ಳಿಯವನು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲನೆಯವನು. ಊಟಕ್ಕೆ ಒಂದು ಕಡೆ, ಮಲಗುವುದಕ್ಕೆ ಇನ್ನೊಂದು ಕಡೆ ಅನ್ನುವ ಹಾಗೆ ಮೈಸೂರಿನಲ್ಲಿ ಓದಿ, ಮದರಾಸಿಗೆ ಹೋಗಿ ಪಶುವೈದ್ಯನಾಗಿ ಬಂದೆ. ಪದವಿಯ ಕಾಗದವನ್ನು ಅಪ್ಪ ತಲೆಯ ಮೇಲಿಟ್ಟುಕೊಂಡು ಇಡೀ ಊರು ಸುತ್ತಿದರು. ‘ಓದಿದ್ದೇನೋ ಓದ್ದೆ, ಮನುಷ್ಯರ ಡಾಕ್ಟ್ರು ಆಗ್ಬಾರ್ದಿತ್ತೇನಪ್ಪ’ ಎಂದು ಊರವರು ಮರುಗಿದರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಸರ್ಕಾರಿ ದನದ ಆಸ್ಪತ್ರೆಗೆ ಸೇರಿದೆ. ಅಲ್ಲಿಂದ ಮುಂದೆ ಯಾವ ಬಡ್ತಿ ಯಾವಾಗ ಸಿಕ್ಕಿತು ಎಂಬುದನ್ನು ಬರೆಯುವುದಿಲ್ಲ. ಎಲ್ಲರಿಗೂ ಸಿಗುವಷ್ಟು ಸಿಕ್ಕಿತು.

ಆಗ ಆಸ್ಪತ್ರೆಗೆ ಬರುತ್ತಿದ್ದವು ಜಟಕಾ ಕುದುರೆ, ಗಾಡಿಯೆತ್ತು, ಹಾಲೆಮ್ಮೆ. ನಾಯಿಗಳು ಕಾರಿನಲ್ಲಿ ಬರುತ್ತಿದ್ದವು, ಇಲ್ಲವೇ ಬರುತ್ತಲೇ ಇರಲಿಲ್ಲ. ರಂಗಾಚಾರ್ಯರಿಗೆ ನಾಯಿ ಮುಟ್ಟುವುದೆಂದರೆ ಆಗದು. ಕುದುರೆಯ ವಿಷಯದಲ್ಲಿ ಅವರಂಥ ವೈದ್ಯರನ್ನು ನಾನು ಮತ್ತೆ ನೋಡಲಿಲ್ಲ. ಕುಂಟುವ ಕುದುರೆಯ ಸಪ್ಪಳ ಕೇಳಿಯೇ ಯಾವ ಕಾಲು ಎಂದು ಹೇಳುತ್ತಿದ್ದರು. ಆದರೆ ನಾಯಿ ಬಂದರೆ ಬಾಗಿಲಿನಿಂದಲೇ ‘ಗೌಡ್ರೇ, ನಿಮ್ಮ ಗಿರಾಕಿ ಬಂದಿದೆ’ ಎಂದು ಕೂಗುತ್ತಿದ್ದರು. ಹೀಗೆ ನಾನು ನಾಯಿ ಡಾಕ್ಟರಾದೆ. ಇಷ್ಟಪಟ್ಟು ಆದದ್ದಲ್ಲ.

ಕಾಲೇಜಿನಲ್ಲಿ ನಾಯಿಯ ಮೂಳೆ ಎಷ್ಟು ಎಂದು ಹೇಳಿಕೊಟ್ಟಿದ್ದರು, ನಾಯಿಯ ಮನೆಯವರ ವಿಚಾರ ಹೇಳಿಕೊಟ್ಟಿರಲಿಲ್ಲ. ಒಮ್ಮೆ ಅಗ್ರಹಾರದ ಕಡೆಯ ಮನೆಯೊಂದರಿಂದ ಕಾಲು ಬಿಲ್ಲಿನಂತೆ ಬಗ್ಗಿದ ಮರಿಯನ್ನು ತಂದರು. ಅರಮನೆ ಸೇವೆಯಲ್ಲಿದ್ದ ಮನೆತನ, ಯಾರೋ ದೊಡ್ಡವರು ಪ್ರೀತಿಯಿಂದ ಕೊಟ್ಟ ಮರಿ. ಮೂರು ಹೊತ್ತೂ ಮೊಸರನ್ನ. ನಾನು ಠೀವಿಯಿಂದ ‘ಮೂಳೆ ಸಾರು ಕೊಡಬೇಕು’ ಎಂದೆ. ಆ ಮನೆಯ ಹಿರಿಯಮ್ಮ ನನ್ನನ್ನೂ ಮರಿಯನ್ನೂ ಒಂದೇ ಕಣ್ಣಲ್ಲಿ ನೋಡಿ, ‘ನಮ್ಮನೇಲಿ ಹುಟ್ಟಿದ್ರೆ ಅದು ಕೇಳ್ತಿರ್ಲಿಲ್ಲ, ನೀವು ಹೇಳ್ತಿರ್ಲಿಲ್ಲ’ ಎಂದು ಎದ್ದುಹೋದರು. ಆ ಮರಿ ಆಮೇಲೆ ಏನಾಯಿತೋ ಗೊತ್ತಿಲ್ಲ. ಮೀನೆಣ್ಣೆಯನ್ನು ಬಣ್ಣದ ಬಾಟಲಿಯಲ್ಲಿ ಹಾಕಿ ಟಾನಿಕ್ ಎಂದು ಕೊಡುವುದನ್ನು ನಾನು ಕಲಿತದ್ದು ಅದಾದ ಮೇಲೆ.

ಇನ್ನೊಂದು ವಿಚಾರವನ್ನು ಇಲ್ಲಿಯೇ ಹೇಳಿಬಿಡಬೇಕು, ಮುಂದಿನದು ಅರ್ಥವಾಗುವುದಕ್ಕೆ. ಹೋರಿಯನ್ನು ಎತ್ತು ಮಾಡುವುದಕ್ಕೆ ನಮ್ಮ ಕಡೆ ‘ಬೀಜ ಒಡೆಯುವುದು’ ಎನ್ನುತ್ತಾರೆ. ಹೆಸರಿಗೆ ತಕ್ಕ ಕೆಲಸವೇ. ಹೋರಿಯನ್ನು ಕೆಡವಿ, ಕಾಲು ಕಟ್ಟಿ, ಎರಡು ಮರದ ಪಟ್ಟಿಗಳ ನಡುವೆ ಹಿಡಿದು, ಕೊಡತಿಯಿಂದ ಕುಟ್ಟುತ್ತಿದ್ದರು. ಅದಕ್ಕೇ ಊರೂರಿಗೆ ತಿರುಗುವವರಿದ್ದರು. ಚಿಕ್ಕಂದಿನಲ್ಲಿ ನಮ್ಮ ಮನೆಯ ಹೋರಿಯ ಕೂಗು ಕೇಳಲಾರದೆ ನಾನು ಹೊಲಕ್ಕೆ ಓಡಿಹೋಗಿದ್ದೆ. ನಾನು ಕೆಲಸಕ್ಕೆ ಸೇರಿದ ಮೇಲೆ ಹಳ್ಳಿಗಳಿಗೆ ಇಕ್ಕಳ ಬಂತು. ಚರ್ಮ ಹರಿಯದೆ, ರಕ್ತ ಬಾರದೆ, ಒಳಗಿನ ನಾಳವನ್ನಷ್ಟೇ ಹಿಸುಕುವ ದೊಡ್ಡ ಕಬ್ಬಿಣದ ಇಕ್ಕಳ. ನನ್ನ ಇಡೀ ಕೆಲಸದಲ್ಲಿ ಕಣ್ಣೆದುರೇ ನೋವು ಕಡಿಮೆಯಾದದ್ದನ್ನು ಕಂಡ ಒಂದೇ ಸಂಗತಿ ಅದು. ಪದ್ಧತಿ ಬದಲಾಯಿತು. ಮಾತು ಬದಲಾಗಲಿಲ್ಲ. ಇಕ್ಕಳ ಹಾಕಿದರೂ, ಚಾಕು ಹಾಕಿದರೂ ಜನರ ಬಾಯಲ್ಲಿ ಅದು ‘ಬೀಜ ಒಡೆಯುವುದು’ ಆಗಿಯೇ ಉಳಿಯಿತು.

ಸಿದ್ದಯ್ಯ ನನಗೆ ಗುರುತಾದದ್ದು ಅವನ ನಾಯಿಯಿಂದ. ಬಂಗಲೆಯೊಂದರಲ್ಲಿ ಬಿಳಿ ಎಂಜಿನಿಯರ್ ಒಬ್ಬರ ನಾಯಿಗಳನ್ನು ನೋಡಿಕೊಳ್ಳುತ್ತಿದ್ದವನು. ದೊರೆ ಊರು ಬಿಟ್ಟು ಹೋಗುವಾಗ ಉಳಿದ ನಾಯಿಗಳನ್ನು ಸ್ನೇಹಿತರಿಗೆ ಕೊಟ್ಟು, ಮೇರಿ ಎಂಬ ಅಲ್ಸೇಷನ್ ಹೆಣ್ಣುನಾಯಿಯನ್ನು ಸಿದ್ದಯ್ಯನಿಗೆ ಬಿಟ್ಟುಹೋದರು. ಬಂಗಲೆಯ ಮೇರಿ ಸಿದ್ದಯ್ಯನ ಕೇರಿಗೆ ಬಂದು ‘ಮಾರಿ’ ಆದಳು. ಅವನ ಹೆಂಡತಿ ಚಿಕ್ಕತಾಯಮ್ಮ ಇಟ್ಟ ಹೆಸರು. ‘ಉಣ್ಣಾಕಿಲ್ಲದ ಮನೆಗೆ ಬಂದವ್ಳು ಮಾರಿ ಅಲ್ದೆ ಇನ್ನೇನು’ ಎನ್ನುತ್ತಿದ್ದಳು, ಎನ್ನುತ್ತಲೇ ತನ್ನ ಮುದ್ದೆಯಲ್ಲಿ ಅರ್ಧ ಮುರಿದು ಹಾಕುತ್ತಿದ್ದಳು.

ಸಿದ್ದಯ್ಯ ಸೌದೆ ಡಿಪೋದಲ್ಲಿ ಕೂಲಿಗೆ ನಿಂತ. ಆದರೆ ಅವನಿಗೆ ಬರುತ್ತಿದ್ದ ವಿದ್ಯೆ ಒಂದೇ, ನಾಯಿ ತಿದ್ದುವುದು. ಮೇಟಗಳ್ಳಿಯ ಕಡೆ ಆಗ ಹೊಸ ಕಾರ್ಖಾನೆಗಳು ಏಳುತ್ತಿದ್ದವು. ಅವುಗಳಲ್ಲೊಂದರ ಕಾವಲಿನ ಅಧಿಕಾರಿ ಅವನಿಗೆ ಒಂದು ಮಾತು ಹೇಳಿದ್ದರು: ನಾಯಿ ಸಂಘದ ಕಸುಬಿನ ಪರೀಕ್ಷೆಯಲ್ಲಿ ಪಾಸಾದ ನಾಯಿಯನ್ನು ತಂದರೆ, ನಾಯಿಯ ಜೊತೆಗೆ ನಿನಗೂ ಖಾಯಂ ಕಾವಲುಗಾರನ ಕೆಲಸ. ಕಸುಬಿನ ಪರೀಕ್ಷೆ ಎಂದರೆ ಅಂದಚಂದ ನೋಡುವುದಲ್ಲ. ಹೇಳಿದ ಮಾತು ಕೇಳುವುದು, ವಾಸನೆ ಹಿಡಿದು ಅಡಗಿದವನನ್ನು ಹುಡುಕುವುದು, ಗೋಣಿತಟ್ಟು ಸುತ್ತಿಕೊಂಡ ಕಳ್ಳನ ಕೈ ಹಿಡಿದು ನಿಲ್ಲಿಸುವುದು, ಬಿಡು ಎಂದರೆ ಬಿಡುವುದು. ಮಾರಿ ಇದನ್ನೆಲ್ಲ ಬಂಗಲೆಯಲ್ಲೇ ಕಲಿತಿದ್ದಳು. ಖಾಯಂ ಎಂಬ ಮಾತನ್ನು ಸಿದ್ದಯ್ಯ ದೇವರ ಹೆಸರಿನಂತೆ ಹೇಳುತ್ತಿದ್ದ.

ಅಷ್ಟರಲ್ಲಿ ಮಾರಿ ಒಂದು ಸೂಲು ಮರಿ ಹಾಕಿದಳು. ಒಂದು ಗಂಡುಮರಿಯನ್ನು ಸಿದ್ದಯ್ಯ ಇಟ್ಟುಕೊಂಡ. ಅದೇ ರಾಜ. ಮರುವರ್ಷ ಬೆದೆ ಮುಗಿದ ಮೇಲೆ ಮಾರಿಗೆ ಕಾಯಿಲೆ ಬಂತು. ಕೈಗಾಡಿಯಲ್ಲಿ ಸೌದೆಯ ಹಾಗೆ ಮಲಗಿಸಿಕೊಂಡು ತಂದ. ಹೊಟ್ಟೆ ಊದಿತ್ತು, ನೀರು ಕುಡಿದಷ್ಟೂ ಕಕ್ಕುತ್ತಿದ್ದಳು. ಗರ್ಭಕೋಶದ ತುಂಬ ಕೀವು.

‘ತೆಗೆದುಹಾಕಬೇಕು ಸಿದ್ದಯ್ಯ. ಇಲ್ಲದಿದ್ದರೆ ಉಳಿಯಲ್ಲ.’

‘ತೆಗದ್ರೆ ಮರಿ ಆಗಾಕಿಲ್ವಾ ಬುದ್ಧಿ?’

‘ಆಗಲ್ಲ. ಆದರೆ ಕೆಲಸ ಮಾಡ್ತಾಳೆ. ಬುದ್ಧಿ ಅನ್ನಬೇಡ, ಡಾಕ್ಟ್ರೇ ಅನ್ನು.’

‘ಆಗ್ಲಿ ಬುದ್ಧಿ’ ಎಂದ.

ನಮ್ಮ ತಾತ ಇನ್ನೊಬ್ಬರಿಗೆ ಬುದ್ಧಿ ಎಂದು ಕೈಕಟ್ಟಿ ನಿಂತವರು. ಆ ಮಾತು ನನ್ನ ಕಡೆಗೆ ತಿರುಗಿ ಬಂದಾಗ ಕೇಳಿಸಿಕೊಳ್ಳಲಾಗುತ್ತಿರಲಿಲ್ಲ. ಎಷ್ಟು ಹೇಳಿದರೂ ಅವನು ಬಿಡಲಿಲ್ಲ. ಅಂಥ ಆಪರೇಷನ್ ಆ ಆಸ್ಪತ್ರೆಯಲ್ಲಿ ಅಪರೂಪ. ಮೂಗಿಗೆ ಕ್ಲೋರೋಫಾರಂ ಬಟ್ಟೆ ಹಿಡಿಯಲು ಕಾಂಪೌಂಡರ್, ಕಾಲು ಹಿಡಿಯಲು ಸಿದ್ದಯ್ಯ. ಹೊರಗೆ ಬಂದದ್ದನ್ನು ನೋಡಿ ರಂಗಾಚಾರ್ಯರೂ ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ಬಂದರು. ‘ಬದುಕಿದರೆ ಅದರ ಪುಣ್ಯ’ ಎಂದರು. ಬದುಕಿದಳು. ಹೊಟ್ಟೆಗೆ ಸುತ್ತಿದ ಪಟ್ಟಿ ನನ್ನ ಹೆಂಡತಿಯ ಹಳೆಯ ಸೀರೆಯದು. ಹೊಲಿಗೆ ಬಿಚ್ಚಿದ ತಿಂಗಳೊಳಗೆ ಆಸ್ಪತ್ರೆಯ ಅಂಗಳದಲ್ಲಿ ಸಿದ್ದಯ್ಯ ಅವಳಿಂದ ಎಲ್ಲ ಕೆಲಸ ಮಾಡಿಸಿ ತೋರಿಸಿದ.

ಆ ವರ್ಷದ ಸ್ಪರ್ಧೆಗೆ ಮಾರಿಯನ್ನು ಕರೆದುಕೊಂಡು ಬಂದ. ಬಾಗಿಲಲ್ಲಿ ನಾಯಿಗಳ ಆರೋಗ್ಯ ನೋಡುವ ಕೆಲಸ ನನ್ನದೇ. ನಿಯಮ ಇಂಗ್ಲಿಷಿನಲ್ಲಿತ್ತು: ನಾಯಿ ‘ಎಂಟೈರ್’ ಆಗಿರಬೇಕು. ಬೀಜ, ಗರ್ಭ ಎಲ್ಲ ಇದ್ದಂತೆ ಇರಬೇಕು ಎಂದರ್ಥ. ನಾನು ಇದ್ದದ್ದನ್ನು ಇದ್ದಂತೆ ಬರೆದೆ. ಮೇಜರ್ ಓದಿ ತಲೆಯಾಡಿಸಿದರು.

‘ಸಾರಿ ಡಾಕ್ಟರ್.’

‘ಸರ್, ರೂಪ ನೋಡೋ ಸ್ಪರ್ಧೆಗೆ ಆ ನಿಯಮ ಸರಿ. ಅಲ್ಲಿ ತಳಿ ಮುಂದುವರಿಸೋಕೆ ಆರಿಸ್ತೀರಿ. ಇಲ್ಲಿ ನೋಡೋದು ಕೆಲಸ. ಅವಳ ಮೂಗು ಹೋಗಿಲ್ಲ, ಕಿವಿ ಹೋಗಿಲ್ಲ.’

‘ನಾಳೆ ಬಾಲ ಇಲ್ಲದ್ದು ಬರುತ್ತೆ, ನಾಡಿದ್ದು ಮೂರು ಕಾಲಿಂದು ಬರುತ್ತೆ. ರೂಲ್ ಈಸ್ ರೂಲ್.’ ಆಮೇಲೆ ದನಿ ತಗ್ಗಿಸಿ, ‘ಅವನಿಗೆ ಬೇಜಾರು ಮಾಡ್ಕೋಬೇಡ ಅಂತ ಹೇಳಿ. ಒಳ್ಳೆ ಹ್ಯಾಂಡ್ಲರ್’ ಎಂದರು. ಮೇಜರ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡಿ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಸಿದ್ದಯ್ಯ ಹಗ್ಗದಾಚೆ ನಿಂತು ಎಲ್ಲ ನಾಯಿಗಳ ಸರದಿಯನ್ನೂ ನೋಡಿದ. ಮಾರಿ ಪಕ್ಕದಲ್ಲಿ ಕುಳಿತು, ಒಳಗೆ ಯಾರೋ ‘ಸ್ಟೇ’ ಎಂದಾಗಲೆಲ್ಲ ತಾನೂ ಅಲುಗದೆ ಕೂರುತ್ತಿದ್ದಳು.

ನಾನು ಸಂಘಕ್ಕೆ ಮನವಿ ಬರೆದೆ. ಶರೀರಶಾಸ್ತ್ರದ ಪ್ರಕಾರ ಎಂದು ಶುರುಮಾಡಿ ಉದ್ದಕ್ಕೆ ಇಂಗ್ಲಿಷಿನಲ್ಲಿ ಬರೆದೆ. ಉತ್ತರ ಬರಲಿಲ್ಲ. ಮತ್ತೆ ಬರೆದೆ. ರಂಗಾಚಾರ್ ಕರೆದು ಕೂರಿಸಿ, ‘ಆ ಸಂಘದಲ್ಲಿ ಇರೋರೆಲ್ಲ ದೊಡ್ಡೋರು. ಒಂದು ನಾಯಿ ವಿಷಯಕ್ಕೆ ನಿಮ್ಮ ಹೆಸರು ಯಾಕೆ ಕೆಡಿಸ್ಕೋತೀರಿ?’ ಎಂದರು. ‘ನಾಯಿ ವಿಷಯ ಅಲ್ಲ ಸರ್, ಒಬ್ಬನ ಅನ್ನದ ವಿಷಯ’ ಎಂದೆ. ‘ಅದಕ್ಕೆ ನಾವು ಡಿಪಾರ್ಟ್‌ಮೆಂಟಲ್ಲಿ ಇಲ್ಲ’ ಎಂದರು. ಮಾರಿಯ ಮೂತಿಯ ಮೇಲೆ ಬಿಳಿ ಕೂದಲು ಬಂತು. ಕಾರ್ಖಾನೆಯ ಅಧಿಕಾರಿ, ಇನ್ನು ತಂದರೆ ಎಳೆಯ ನಾಯಿಯನ್ನೇ ತಾ ಎಂದುಬಿಟ್ಟರು. ಸಿದ್ದಯ್ಯ ಬೇಸರಪಡಲಿಲ್ಲ. ರಾಜ ಬೆಳೆಯುತ್ತಿದ್ದ. ಡಿಪೋದಿಂದ ಬಂದು ಕತ್ತಲಾಗುವವರೆಗೆ ರಾಜನನ್ನು ತಿದ್ದುತ್ತಿದ್ದ. ಮುಂದಿನ ವರ್ಷಕ್ಕೆ ರಾಜ ತಯಾರು ಎನ್ನುತ್ತಿದ್ದ.

ಆ ದಿನಗಳಲ್ಲೇ ಅವರ ಕೇರಿಯಲ್ಲಿ ವಯಸ್ಕರಿಗೆ ಅಕ್ಷರ ಕಲಿಸುವ ತರಗತಿ ಶುರುವಾಯಿತು. ನಾನೇ ಸಿದ್ದಯ್ಯನನ್ನು ಹಿಡಿದು ಕಳಿಸಿದೆ. ‘ಓದೋಕೆ ಬಂದ್ರೆ ನಿನಗೆ ಯಾರೂ ಮೋಸ ಮಾಡೋಕಾಗಲ್ಲ’ ಎಂದು ಹೇಳಿದೆ. ಅಕ್ಷರವೇ ನನ್ನನ್ನು ಹೊಲದಿಂದ ಎಬ್ಬಿಸಿ ತಂದದ್ದು. ನಾನು ಬೇರೆ ಏನು ಹೇಳಿಯೇನು? ಅವನು ಕಲಿತ. ಆಸ್ಪತ್ರೆಗೆ ಬಂದಾಗಲೆಲ್ಲ ಗೋಡೆಯ ಮೇಲಿದ್ದದ್ದನ್ನು ಬೆರಳಿಟ್ಟು ಓದುತ್ತಿದ್ದ. ‘ದ… ನ… ಗ… ಳ ಆ… ಸ್ಪ… ತ್ರೆ.’ ಓದಿ ಮುಗಿಸಿ ನನ್ನ ಮುಖ ನೋಡುತ್ತಿದ್ದ.

ಸಂಘಕ್ಕೆ ಹೊಸ ಅಧ್ಯಕ್ಷರು ಬಂದರು. ಮಂಡ್ಯದ ಕಡೆಯ ಜಮೀನ್ದಾರರು, ಎತ್ತು ಕಟ್ಟಿ ಬೇಸಾಯ ಮಾಡಿಸುವವರು. ಅವರ ಮನೆಯ ಹಸುವಿನ ಹೆರಿಗೆಗೆ ಹೋಗಿದ್ದಾಗ ಮಾತಿಗೆ ಮಾತು ಬಂದು ಮಾರಿಯ ಕಥೆ ಹೇಳಿದೆ. ಶರೀರಶಾಸ್ತ್ರವೇನೂ ಹೇಳಲಿಲ್ಲ. ಮುಂದಿನ ಸಭೆಗೆ ನನ್ನನ್ನೂ ಕರೆಸಿದರು. ಮೇಜರ್ ನಿಯಮದ ಪುಸ್ತಕ ಬಿಚ್ಚುವ ಮೊದಲೇ ಅಧ್ಯಕ್ಷರು ಶುರುಮಾಡಿದರು.

‘ಅಲ್ರೀ ಮೇಜರ್ರೇ, ನೀವು ಹೋರಿ ಕಟ್ಟಿ ಉಳೋದ ಎಲ್ಲಾದ್ರೂ ನೋಡಿದ್ದೀರಾ?’

‘ನೋ… ಇಲ್ಲ.’

‘ಬೀಜ ಒಡ್ದ ಎತ್ತೇ ಅಲ್ವಾ ಗೇಯೋದು? ಕೆಲ್ಸದ ಪರೀಕ್ಷೆ ಅಂತೀರಿ, ಬೀಜ ನೋಡ್ತೀರಿ. ನಮ್ಮೂರ ಜನ ಕೇಳುದ್ರೆ ನಗ್ತಾರೆ ಕಣ್ರೀ.’

ಸಭೆಯಲ್ಲಿ ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನಾನು ಪುಟಗಟ್ಟಲೆ ಬರೆದದ್ದು ಒಂದು ನಗುವಿನಲ್ಲಿ ಆಗಿಹೋಯಿತು. ಮೇಜರ್ ಮಾತ್ರ ಒಂದು ಷರತ್ತು ಹಾಕಿದರು. ಒಂದು ವರ್ಷ ನೋಡೋಣ. ಅಂಥ ನಾಯಿ ಒಂದೂ ಬರದಿದ್ದರೆ ನಿಯಮಕ್ಕೆ ಹೊಸದಾಗಿ ಸೇರಿಸುವ ಸಾಲನ್ನು ತೆಗೆದುಹಾಕುವುದು.

ನಾಯಿ ಆಡಿಸುವವರಿಗೆ ಇಂಗ್ಲಿಷ್ ಬಾರದು, ಪ್ರಕಟಣೆ ಕನ್ನಡದಲ್ಲೂ ಇರಲಿ ಎಂದರು ಅಧ್ಯಕ್ಷರು. ನಾನು ‘ಸಂತಾನಶಕ್ತಿ ತೆಗೆದ ನಾಯಿಗಳಿಗೂ’ ಎಂದು ಬರೆದುಕೊಟ್ಟೆ. ‘ಇದ್ಯಾವ ಹರಿಕಥೆ ಡಾಕ್ಟ್ರೇ? ಬೀಜ ಒಡೆದ ಅಂತ ಬರೀರಿ, ಮಗೂಗೂ ತಿಳೀತದೆ’ ಎಂದು ಹೊಡೆದುಹಾಕಿದರು. ‘ನಾಯಿಗೆ ಯಾರೂ ಒಡೆಯಲ್ಲ ಸರ್, ಕತ್ತರಿಸಿ ತೆಗೀತೀವಿ’ ಎಂದೆ. ‘ಎಲ್ಲಾ ಒಂದೇ’ ಎಂದರು. ಕೊನೆಗೆ ಗುಮಾಸ್ತೆ ಬರೆದುಕೊಂಡದ್ದು ಇಷ್ಟು: ‘ಈ ವರ್ಷದಿಂದ ಕಸುಬಿನ ಪರೀಕ್ಷೆಗೆ ಬೀಜ ಒಡೆದ, ಗರ್ಭಕೋಶ ತೆಗೆದ ನಾಯಿಗಳಿಗೂ ಪ್ರವೇಶವುಂಟು.’

ಆ ವಾರವೇ ನಂಜನಗೂಡಿನ ಆಚೆ ದನಗಳಿಗೆ ದೊಡ್ಡರೋಗ ಬಿತ್ತು. ಲಸಿಕೆ ಹಾಕಲು ಹೋದವನು ಹಳ್ಳಿಯಿಂದ ಹಳ್ಳಿಗೆ ಅಲೆಯುತ್ತಾ ಅಲ್ಲೇ ಉಳಿದೆ. ಪ್ರಕಟಣೆ ಅಚ್ಚಾದಾಗ ನಾನು ಊರಲ್ಲಿರಲಿಲ್ಲ.

ತಿರುಗಿ ಬಂದ ದಿನ ಆಸ್ಪತ್ರೆಯ ಅಂಗಳದಲ್ಲಿ ಅದೇ ಕೈಗಾಡಿ ನಿಂತಿತ್ತು. ಒಳಗೆ ರಾಜ. ವಾಸನೆಗೇ ನನಗೆ ತಿಳಿಯಿತು. ಹಿಂಗಾಲುಗಳ ನಡುವೆ ಕೊಳೆತು ಹೊಟ್ಟೆಯವರೆಗೆ ಕಪ್ಪಾಗಿತ್ತು. ಕಣ್ಣು ತೆರೆದೇ ಇತ್ತು.

‘ಏನು ಮಾಡಿದೆ ಸಿದ್ದಯ್ಯ?’

‘ಬೀಜ ಒಡಿಸ್ದೆ ಬುದ್ಧಿ. ಇಲ್ಲಿಗೇ ತಂದಿದ್ದೆ. ನಿಮ್ ಬದ್ಲಿಗೆ ಬಂದಿದ್ದ ಹೊಸ ಡಾಕ್ಟ್ರು, ಕಾಯ್ಲೆ ಇಲ್ದಿರೋ ನಾಯಿಗೆ ಚಾಕು ಹಾಕಲ್ಲ ಅಂದ್ರು. ಅದ್ಕೇ ಎತ್ತಿಗೆ ಒಡೆಯೋನ್ತಾವ ಹೋದೆ. ನಾಯಿಗೆ ಯಾವತ್ತೂ ಮಾಡಿಲ್ಲ ಕಣಣ್ಣ ಅಂದ. ನಾನೇ ಕಾಲು ಹಿಡ್ಕಂಡೆ.’

‘ಯಾರಯ್ಯ ಒಡೆಸು ಅಂದಿದ್ದು?’

‘ರೂಲು ಬಂತಲ್ಲ ಬುದ್ಧಿ.’

ಅಂಗಿಯ ಜೇಬಿನಿಂದ ಅಚ್ಚಾದ ಕಾಗದ ತೆಗೆದ. ನಾಲ್ಕಾಗಿ ಮಡಿಸಿಟ್ಟಿದ್ದ. ಬೆರಳಿಟ್ಟು ಓದಿದ. ‘ಬೀ… ಜ ಒ… ಡೆ… ದ…’ ನಾನು ಕಿತ್ತುಕೊಂಡು ನೋಡಿದೆ. ‘ನಾಯಿಗಳಿಗೂ ಪ್ರವೇಶವುಂಟು’ ಎಂದಿರಬೇಕಾದ ಕಡೆ ‘ನಾಯಿಗಳಿಗೇ ಪ್ರವೇಶವುಂಟು’ ಎಂದು ಬಿದ್ದಿತ್ತು.

‘ಹೋದ ವರ್ಷದವರೆಗೂ ಬೀಜ ಇರೋ ನಾಯಿಗೇ ತಾನೇ ಬಿಡ್ತಿದ್ದದ್ದು? ಒಂದೇ ಸಲಕ್ಕೆ ಉಲ್ಟಾ ಆಗುತ್ತಾ? ನಿನಗೆ ಅನುಮಾನ ಬರಲಿಲ್ಲವಾ?’

‘ಆಗ ಇರೋದೇ ಬೇಕು ಅಂದ್ರು, ಮಾರೀನ ಬುಡ್ಲಿಲ್ಲ. ಈಗ ಇಲ್ದಿರೋದೇ ಬೇಕು ಅಂತ ಬರ್ದವ್ರೆ. ಅವರ ರೂಲು ಅವ್ರಿಷ್ಟ ಅಲ್ವಾ ಬುದ್ಧಿ? ಅಂಗೂ ಎರಡು ಸಲ ಓದ್ದೆ. ಸಂಘದ ಗೇಟ್ತಾವ ಹೋಗಿ ಕೇಳ್ದೆ. ಬರ್ದಿರೋದು ಬರ್ದಂಗೆ ಅಂದ ಅಲ್ಲಿರೋನು.’

ಅವನು ಸರಿಯಾಗಿಯೇ ಓದಿದ್ದ. ಅರೆಬರೆ ಓದಿದ್ದರೆ, ಓದಲು ಬಾರದೇ ಇದ್ದಿದ್ದರೆ, ಯಾರ ಬಾಯಿಂದಲೋ ಸುದ್ದಿ ಕೇಳಿದ್ದರೆ ರಾಜ ಉಳಿಯುತ್ತಿದ್ದ. ಪೆನಿಸಿಲಿನ್ ಚುಚ್ಚಿದೆ. ಕೊಳೆತದ್ದನ್ನು ಕತ್ತರಿಸಿದೆ. ಎಲ್ಲಿ ನಿಲ್ಲಿಸಬೇಕೋ ತಿಳಿಯಲಿಲ್ಲ, ಕೊಳೆಯದ ಜಾಗವೇ ಉಳಿದಿರಲಿಲ್ಲ. ಎರಡನೆಯ ದಿನ ರಾಜ ಸತ್ತ. ಸಿದ್ದಯ್ಯ ‘ಬುಡು ರಾಜ, ಬುಡು’ ಎಂದು ತಲೆ ಸವರುತ್ತಾ ಕೂತಿದ್ದ. ಕಚ್ಚಿ ಹಿಡಿದದ್ದನ್ನು ಬಿಡಲು ನಾಯಿಗೆ ಅವನು ಹೇಳಿಕೊಟ್ಟಿದ್ದ ಮಾತು ಅದು.

ಕಾಗದ ತೆಗೆದುಕೊಂಡು ಮೇಜರ್ ಮನೆಗೆ ಹೋದೆ. ಅವರು ಕನ್ನಡ ಮಾತನಾಡುತ್ತಿದ್ದರೇ ಹೊರತು ಓದುತ್ತಿರಲಿಲ್ಲ.

‘ಎರಡಕ್ಕೂ ಏನು ವ್ಯತ್ಯಾಸ?’ ಎಂದು ಕೇಳಿದರು.

‘ಒಂದರ ಅರ್ಥ, ಅವೂ ಬರಬಹುದು. ಇನ್ನೊಂದರ ಅರ್ಥ, ಅವು ಮಾತ್ರ ಬರಬಹುದು.’

‘ಒಂದು ಅಕ್ಷರಾನಾ?’

‘ಪೂರ್ತಿ ಅಕ್ಷರವೂ ಅಲ್ಲ ಸರ್. ಅದರ ಬಾಲ.’

ಅವರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಆ ಅಕ್ಷರವನ್ನು ಹುಡುಕಿದರು. ಆಮೇಲೆ, ‘ಅಚ್ಚಿನ ಮನೆಯವರಿಗೆ ಹೇಳಿ ತಿದ್ದಿಸ್ತೀನಿ’ ಎಂದರು. ತಿದ್ದಿಸಿದರು. ಗೋಡೆಯ ಮೇಲಿದ್ದ ಪ್ರಕಟಣೆಗಳ ಮೇಲೆ ಹೊಸದನ್ನು ಅಂಟಿಸಿದರು. ಅಷ್ಟರೊಳಗೆ ಇನ್ನು ಯಾರ ಯಾರ ನಾಯಿಗಳನ್ನು ಕೆಡವಿ ಕಾಲು ಹಿಡಿದರೋ ನಾನು ವಿಚಾರಿಸಲಿಲ್ಲ. ಬೀಜ ಒಡೆಯುವವನನ್ನು ಬೈಯಲೆಂದು ಒಂದು ದಿನ ಹೋದೆ. ಅವನು ನನಗಿಂತ ಮೊದಲೇ ಅತ್ತ. ಬೈಯಲು ಯಾರೂ ಸಿಗಲಿಲ್ಲ.

ಕಾರ್ಖಾನೆಗೂ ಹೋದೆ. ಕಾವಲಿನ ಅಧಿಕಾರಿ ಒಳ್ಳೆಯ ಮಾತಿನಲ್ಲಿ ಕೂರಿಸಿ, ಕಾಫಿ ತರಿಸಿ, ಇಬ್ಬರು ಗೂರ್ಖಾಗಳನ್ನು ತೆಗೆದುಕೊಂಡಾಯಿತು, ನಾಯಿಯ ಯೋಜನೆಯನ್ನೇ ಕೈಬಿಟ್ಟೆವು ಎಂದರು. ಅದನ್ನು ಸಿದ್ದಯ್ಯನ ಮನೆಗೆ ಹೋಗಿ ಹೇಳಿದವನು ನಾನೇ. ಚಿಕ್ಕತಾಯಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. ಸಿದ್ದಯ್ಯ ‘ಖಾಯಂ ಕೆಲ್ಸವೇ ಇಲ್ವಂತಾ?’ ಎಂದು ಒಂದೇ ಸಲ ಕೇಳಿದ. ಎದ್ದು ಬರುವ ಮುಂಚೆ ನಾನು ಇನ್ನೊಂದು ಮಾತು ಹೇಳಬೇಕಿತ್ತು.

‘ಮಾರೀನ ಈ ವರ್ಷ ನಿಲ್ಲಿಸು ಸಿದ್ದಯ್ಯ.’

‘ಏನಕ್ಕೆ ಬುದ್ಧಿ?’

‘ಒಂದು ನಾಯಿಯಾದ್ರೂ ಬರದಿದ್ರೆ ಆ ಸಾಲು ತೆಗೆದುಹಾಕ್ತಾರೆ. ಮುಂದೆ ಇನ್ನೊಬ್ಬನ ನಾಯಿಗೆ ಹೀಗೇ ಆಪರೇಷನ್ ಆದ್ರೆ ಅವನೂ ಹಗ್ಗದಾಚೆ ನಿಲ್ಲಬೇಕಾಗುತ್ತೆ.’

ಅವನು ಹೆಂಡತಿಯ ಕಡೆ ನೋಡಿದ. ಅವಳು ಒಲೆಯ ಕಡೆಯೇ ನೋಡುತ್ತಿದ್ದಳು. ‘ಬತ್ತೀನಿ ಬುಡಿ. ನೀವು ಕೇಳ್ತಾ ಇದೀರಲ್ಲ’ ಎಂದ.

ಸ್ಪರ್ಧೆಯ ದಿನ ಮೈದಾನದ ಬಾಗಿಲಲ್ಲಿ ನಾನೇ ಮಾರಿಯನ್ನು ಪರೀಕ್ಷೆ ಮಾಡಿದೆ. ಹಲ್ಲು ಸವೆದಿತ್ತು, ಕಣ್ಣಿಗೆ ಮೋಡ ಕವಿಯಲು ಶುರುವಾಗಿತ್ತು. ಗರ್ಭಕೋಶ ತೆಗೆದಿದೆ ಎಂದು ಇಂಗ್ಲಿಷಿನಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದೆ. ಮೇಜರ್ ಓದಿ, ಸಹಿ ಮಾಡಿ, ಒಳಗೆ ಬಿಟ್ಟರು. ಆ ವರ್ಷ ಅಂಥ ನಾಯಿ ಅವಳೊಬ್ಬಳೇ.

ಮಾತು ಕೇಳುವ ಪರೀಕ್ಷೆಯಲ್ಲಿ ಅವಳಿಗೆ ಸಾಟಿಯೇ ಇರಲಿಲ್ಲ. ಅಡಗಿದವನನ್ನು ಹುಡುಕಲು ಉಳಿದ ನಾಯಿಗಳಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ನಡುವೆ ಒಮ್ಮೆ ನಿಂತು ತಿರುಗಿ ನೋಡಿದಳು, ಸಿದ್ದಯ್ಯ ಕೈಯಾಡಿಸಿದ, ಮತ್ತೆ ನೆಲಕ್ಕೆ ಮೂಗಿಟ್ಟು ಹೋಗಿ ಹಿಡಿದಳು. ಕೊನೆಗೆ ಕಳ್ಳನ ಕೈ. ಗೋಣಿತಟ್ಟನ್ನು ಕಚ್ಚಿ ನೇತಾಡಿದಳು. ತೀರ್ಪುಗಾರರು ಬೆಂಗಳೂರಿನವರು. ‘ಲೀವ್’ ಎಂದರು. ಬಿಡಲಿಲ್ಲ. ಗಟ್ಟಿಯಾಗಿ ‘ಲೀವ್ ಇಟ್’ ಎಂದರು. ಬಿಡಲಿಲ್ಲ. ಅಂಕ ಕಳೆಯಲು ಪೆನ್ಸಿಲ್ ಎತ್ತಿದರು. ಸಿದ್ದಯ್ಯನ ಬಾಯಿ ಎರಡು ಸಲ ತೆರೆದು ಮುಚ್ಚಿತು. ಆ ಮಾತು ಅವನಿಗೆ ಬರುತ್ತಿಲ್ಲ ಎಂದು ನನಗೆ ಗೊತ್ತಾಯಿತು, ರಾಜನಿಗೆ ಅದನ್ನು ಹೇಳಿ ಇನ್ನೂ ತಿಂಗಳಾಗಿರಲಿಲ್ಲ. ಕೊನೆಗೆ ಬಹಳ ಮೆಲ್ಲಗೆ ‘ಬುಡವ್ವ’ ಎಂದ. ಮಾರಿ ಬಿಟ್ಟು, ಬಂದು, ಅವನ ಕಾಲಿನ ಪಕ್ಕದಲ್ಲಿ ಕುಳಿತಳು.

ಪಾಸು ಎಂದರು. ಬಹುಮಾನವಲ್ಲ, ಪಾಸು ಅಷ್ಟೇ. ಮೇಜರ್ ಹೆಸರು ಕರೆದು, ಸಿದ್ದಯ್ಯ ಹತ್ತಿರ ಬಂದಾಗ ತಾವೇ ಕುರ್ಚಿಯಿಂದ ಎದ್ದು ನಿಂತರು. ದಪ್ಪ ಕಾಗದ, ಮೇಲೆ ಸಂಘದ ಮುದ್ರೆ. ‘ವೆಲ್ ಡನ್, ಸಿದ್ದಯ್ಯ’ ಎಂದು ಅವನ ಕೈಗೆ ಕೊಟ್ಟು ಕೈಕುಲುಕಿದರು. ನಾಲ್ಕು ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಚಿಕ್ಕತಾಯಮ್ಮ ಹಗ್ಗದ ಹತ್ತಿರ, ಸೆರಗು ಬಿಗಿಯಾಗಿ ಹೊದ್ದು ನಿಂತಿದ್ದಳು. ಸಿದ್ದಯ್ಯ ನೇರ ಅವಳ ಹತ್ತಿರ ಹೋಗಿ ಕಾಗದವನ್ನು ಅವಳ ಕೈಗಿಟ್ಟ. ಅವಳು ಅದರ ಈ ಬದಿ ನೋಡಿದಳು, ತಿರುಗಿಸಿ ಆ ಬದಿ ನೋಡಿದಳು. ಮಡಿಸಬಾರದೆಂದು ತಿಳಿದು ಎರಡು ಅಂಗೈಗಳ ಮೇಲೆ ಹಾಗೆಯೇ ಹಿಡಿದುಕೊಂಡಳು. ಅವನ ಮುಖ ನೋಡಿದಳು, ಆಮೇಲೆ ನನ್ನ ಮುಖ.

‘ಚೆನ್ನಾಗೈತೆ’ ಎಂದಳು. ‘ಇದ್ನ ಈಗ ಯಾರ್ಗ್ ತೋರ್ಸಣ?’